ಅಪ್ಪನ ಟೇಪಿನಲ್ಲಿ ಅಳೆದ ಮನೆ

ಹಳೇ ಮನೆ, ಅಪ್ಪನ ಮೇಜಿನ ಮೇಲೆ
ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಾ,

"ನಂಗೇನಕ್ಕಾ, ಒಂದು ಮೂಲೆ ಸಾಕು" ಎಂದು ಎಷ್ಟು ಸಲೀಸಾಗಿ ಅಂದುಬಿಟ್ಟೆ ನೀನು. ಹೋದ ಸಲ ಫೋನಿನಲ್ಲೋ, ಅದಕ್ಕೂ ಮೊದಲು ಹಡಗಿಗೆ ಹೊರಡುವಾಗ ಬಾಗಿಲಲ್ಲಿ ನಿಂತೋ, ಸರಿಯಾಗಿ ನೆನಪಿಲ್ಲ. ಮಾತು ಮಾತ್ರ ಕಿವಿಯಲ್ಲೇ ಕೂತಿದೆ. ಮೂಲೆ ಬಿಡಿಯಾಗಿ ಸಿಗುವುದಿಲ್ಲ ಕಣೋ. ನಾಲ್ಕನ್ನೂ ಒಟ್ಟಿಗೇ ಬಾಡಿಗೆಗೆ ಹಿಡಿಯಬೇಕು. ಜೊತೆಗೆ ಒಂದು ಸೋರುವ ನಲ್ಲಿ, ಗೋಡೆಯಾಚೆ ಕೆಮ್ಮುವ ಒಬ್ಬ ಮನುಷ್ಯ.

ಮೊದಲು ಹೇಳು, ಹೇಗಿದ್ದೀಯ? ಬೆನ್ನು ನೋವು ಕಡಿಮೆಯಾಯಿತೇ? ಎಂಜಿನ್ ಕೋಣೆಯಲ್ಲಿ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತೀಯೋ ಇಲ್ಲವೋ? ಫೋನಿನಲ್ಲಿ ನಾನು ಹೇಳಿದ್ದಕ್ಕೆಲ್ಲ "ಹ್ಞಾಂ ಹ್ಞಾಂ" ಅನ್ನುವುದು ನೋಡಿದರೆ ಇಟ್ಟುಕೊಳ್ಳುವುದಿಲ್ಲ ಅನಿಸುತ್ತದೆ. ಅಥವಾ ಕೇಳಿಸಿಯೂ ಹಾಗನ್ನುತ್ತೀಯೋ ಏನೋ. ನಾನು ಚೆನ್ನಾಗಿದ್ದೇನೆ. ಕಾರ್ಯಾಗಾರದಲ್ಲಿ ಎಂದಿನಂತೆ ಊರಿನವರಿಗೆಲ್ಲ ಕಟ್ಟುಹಲ್ಲು ಮಾಡುತ್ತಿದ್ದೇನೆ. ಮುಖ ಕಾಣದವರ ಬಾಯಿ ದಿನವಿಡೀ ನನ್ನ ಅಂಗೈಯಲ್ಲಿರುತ್ತದೆ. ಈ ಪತ್ರವನ್ನು ನಿಮ್ಮ ಹಡಗಿನ ಅಡುಗೆಯವರ ಕೈಯಲ್ಲಿ ಕಳಿಸುತ್ತೇನೆ. ರಜೆಗೆ ಬಂದವರು ಮುರಿದ ಹಲ್ಲಿನ ಸೆಟ್ಟು ರಿಪೇರಿಗೆ ನಮ್ಮಲ್ಲೇ ಕೊಟ್ಟಿದ್ದರು. ಇವತ್ತು ಸಂಜೆ ಅದನ್ನು ಒಯ್ಯಲು ಬರುತ್ತಾರೆ, ನಾಳೆ ವಿಮಾನ ಹತ್ತಿ ನಿಮ್ಮನ್ನು ಸೇರುತ್ತಾರೆ.

ಈಗ ಮನೆಯ ವಿಷಯ. ಈ ಕಟ್ಟಡವನ್ನು ಕೆಡವುವುದು ಖಚಿತವಾಯಿತು. ಮಾಲೀಕ ಮುದುಕರು ಬದುಕಿದ್ದಿದ್ದರೆ ಇನ್ನೊಂದಿಷ್ಟು ಕಾಲ ತಳ್ಳುತ್ತಿದ್ದರು. ಮೊಮ್ಮಗನಿಗೆ ಇಪ್ಪತ್ತು ಅಂತಸ್ತು ಬೇಕಂತೆ. ತಿಂಗಳ ಕೊನೆಗೆ ಖಾಲಿ ಮಾಡಬೇಕು. ಮಳೆಗಾಲ ಮುಗಿದಾಗಿನಿಂದ ಮನೆ ಹುಡುಕುತ್ತಿದ್ದೇನೆ. ನನಗೆ ಗಂಟುಬಿದ್ದಿರುವ ದಲ್ಲಾಳಿಗೆ ಹತ್ನಿಮಿಷ ಎಂದು ಹೆಸರಿಟ್ಟಿದ್ದೇನೆ. ಅವನ ಬಾಯಲ್ಲಿ ಎಲ್ಲವೂ "ಹತ್ತೇ ನಿಮಿಷ ಮೇಡಂ". ಮೆಟ್ರೋ ಹತ್ತು ನಿಮಿಷ, ಆಸ್ಪತ್ರೆ ಹತ್ತು ನಿಮಿಷ, ಅವನು ಬರುವುದೂ ಹತ್ತು ನಿಮಿಷ. ನಾನು ಬಿಸಿಲಲ್ಲಿ ಕಾದು ಕಾದು ಒಂದು ದಿನ ಕೇಳಿಯೇಬಿಟ್ಟೆ, "ಅಲ್ಲಪ್ಪಾ, ನಿನ್ನ ಗಡಿಯಾರದಲ್ಲಿ ಎಷ್ಟು ನಿಮಿಷ ಇದೆ ಒಟ್ಟು?" ಅವನು ನಕ್ಕು, "ಮೇಡಂ, ಬಾಡಿಗೆ ಕಮ್ಮಿ ಇರಬೇಕು, ಎಲ್ಲದಕ್ಕೂ ಹತ್ತಿರ ಇರಬೇಕು, ಗಾಳಿ ಬೆಳಕೂ ಬೇಕು ಅಂದ್ರೆ ಹೇಗೆ, ಅಂಥ ಮನೆ ಇದ್ದಿದ್ರೆ ನಾನೇ ಅಲ್ಲಿಗೆ ಶಿಫ್ಟ್ ಆಗ್ತಿರ್ಲಿಲ್ವಾ" ಅಂದ. ಕೋಪ ಬಂತು. ಆದರೆ ಅವನು ಹೇಳಿದ್ದರಲ್ಲಿ ತಪ್ಪೂ ಕಾಣಲಿಲ್ಲ.

ಇವನ ಜೊತೆ ಕೂಡುಹಾದಿಯ ಬಡಾವಣೆಯನ್ನೆಲ್ಲ ಸುತ್ತಿದೆ. ಮೂರು ರೈಲುದಾರಿ ಸೇರುವ ಆ ಜಾಗ ನಿನಗೆ ಗೊತ್ತಲ್ಲ, ನಾವು ಸದಾ ಗಾಡಿ ಬದಲಾಯಿಸಲಿಕ್ಕಷ್ಟೇ ಇಳಿಯುತ್ತಿದ್ದೆವಲ್ಲ, ಅದೇ. ಅಲ್ಲಿಂದ ಎಲ್ಲಿಗೆ ಬೇಕಾದರೂ ಹೋಗಬಹುದು. ಬಾಡಿಗೆ ಕಡಿಮೆ ಇರುವುದೂ ಬಹುಶಃ ಅದಕ್ಕೇ. ಅಲ್ಲಿಗೇ ಎಂದು ಬರುವವರು ಕಡಿಮೆ. ಬೀದಿಯಲ್ಲಿ ನಿಂತರೆ ಎಲ್ಲರೂ ಯಾವುದೋ ಗಾಡಿ ಹಿಡಿಯುವವರಂತೆ ನಡೆಯುತ್ತಾರೆ, ತರಕಾರಿ ಕೊಳ್ಳುವವರೂ. ಒಂದು ಮನೆಯ ಮಲಗುವ ಕೋಣೆಯ ಕಿಟಕಿ ಪಕ್ಕದ ಕಟ್ಟಡದ ಲಿಫ್ಟಿಗೆ ತೆರೆಯುತ್ತಿತ್ತು. ಇನ್ನೊಂದರ ಸ್ನಾನದ ಮನೆಗೆ ಹೋಗಬೇಕಾದರೆ ಅಡುಗೆಮನೆಯ ಒಲೆ ದಾಟಬೇಕು. ಮತ್ತೊಂದರಲ್ಲಿ ಹಳೆಯ ಬಾಡಿಗೆದಾರ ಇನ್ನೂ ಮಲಗಿದ್ದ. "ನೋಡಿ ನೋಡಿ, ನಾನೇನೂ ಅಂದ್ಕೊಳಲ್ಲ" ಎಂದು ಮಗ್ಗುಲಾದ.

ಇಷ್ಟಕ್ಕೂ ಇವೆಲ್ಲ ಸಣ್ಣ ತಾಪತ್ರಯ. ದೊಡ್ಡದು ಈ ಮೇಜು. ಹೊಲಿಗೆ ಅಂಗಡಿಗೆ ಕೊನೆಯ ಸಲ ಬೀಗ ಹಾಕಿದ ದಿನ ಅಪ್ಪ ಬಟ್ಟೆ ಕತ್ತರಿಸುವ ಈ ಮೇಜನ್ನು ಮನೆಗೆ ತಂದು ಹಾಕಿದಾಗ ಅಮ್ಮ, "ಒಂದೋ ಇದಿರಬೇಕು, ಒಂದೋ ನಾನಿರಬೇಕು" ಅಂದಿದ್ದಳು. ಕೊನೆಗೆ ಇಬ್ಬರೂ ಹೋದರು, ಇದು ಉಳಿಯಿತು. ಊಟ, ಇಸ್ತ್ರಿ, ಪತ್ರ ಎಲ್ಲ ಇದರ ಮೇಲೇ. ಬಟ್ಟೆಯ ಥಾನುಗಳನ್ನು ಇಡಲೆಂದು ಕೆಳಗೆ ಉದ್ದಕ್ಕೂ ಹಲಗೆ, ಹಿಂದೆ ಮುಚ್ಚಿದ ಪಟ್ಟಿ. ಮೇಜೆನ್ನುವುದಕ್ಕಿಂತ ಪೆಟ್ಟಿಗೆ ಎನ್ನಬೇಕು, ಓರೆ ಮಾಡಿದರೂ ಬಾಗಿಲಲ್ಲಿ ತೂರುವುದಿಲ್ಲ. ಆ ಹಲಗೆಯ ಮೇಲೇ ಅಲ್ಲವೇ ನೀನು ಚಿಕ್ಕವನಿದ್ದಾಗ ರಾತ್ರಿ ಅಂಗಡಿ ಮುಚ್ಚುವ ತನಕ ನಿದ್ದೆ ಮಾಡುತ್ತಿದ್ದದ್ದು? ಹಡಗಿನ ಹಾಸಿಗೆ ಇಕ್ಕಟ್ಟು ಎಂದು ನೀನು ಗೊಣಗಿದಾಗಲೆಲ್ಲ ನನಗೆ ನಗು ಬರುತ್ತದೆ. ಮಾರಿಬಿಡು ಎಂದು ಕಾರ್ಯಾಗಾರದಲ್ಲಿ ಎಲ್ಲರೂ ಹೇಳುತ್ತಾರೆ. ಮಾರಬಹುದು. ಆದರೆ ನಾನು ಪ್ರತಿ ಮನೆಯಲ್ಲೂ ಗಾಳಿ ನೋಡುವ ಮೊದಲು ಬಾಗಿಲು ಅಳೆದೆ. ಹತ್ನಿಮಿಷ ಹಣೆ ಚಚ್ಚಿಕೊಂಡ. "ಮೇಡಂ, ಜನ ಮನೆಗೆ ತಕ್ಕ ಮೇಜು ತಗೋತಾರೆ."

ಹೋದ ವಾರ ಕೊನೆಗೂ ಒಂದು ಸಿಕ್ಕಿತು. ಎರಡನೇ ಮಹಡಿ, ಎರಡು ಕೋಣೆ, ಕೆಳಗೆ ಸೈಕಲ್ ಅಂಗಡಿ. ರೈಲು ಹೋದಾಗ ಕಿಟಕಿಯ ಗಾಜು ಸ್ವಲ್ಪ ನಡುಗುತ್ತದೆ, ಅಷ್ಟೇ. ಬಾಡಿಗೆ ನನ್ನ ಸಂಬಳಕ್ಕೆ ಹೊರೆ, ಆದರೆ ಹೊರಬಹುದು. ಬಾಗಿಲು ಅಳೆದರೆ ಮೇಜು ಹೋಗಿ ಒಂದು ಇಂಚು ಮಿಗುತ್ತಿತ್ತು. ಮನೆಯ ಒಡತಿ ನಿವೃತ್ತ ನರ್ಸು, ಒಂದೇ ನೋಟದಲ್ಲಿ "ನಿಮಗೆ ರಕ್ತ ಕಮ್ಮಿ" ಅಂದವಳು. "ಯಾರ್ಯಾರು ಇರ್ತೀರಿ?" ಎಂದು ಕೇಳಿದಳು. "ನಾನು, ನನ್ನ ತಮ್ಮ" ಅಂದೆ. ಎಲ್ಲಿ ಅವನು ಅಂದಳು. ಸಮುದ್ರದಲ್ಲಿ ಅಂದೆ. "ಇಲ್ಲದೋರಿಗೆ ಕೋಣೆ ಇಟ್ಕೊಳ್ಳೋ ಅಷ್ಟು ಯಾರ ಹತ್ರ ಇದೆಯಮ್ಮಾ ಈ ಊರಲ್ಲಿ? ಮೇಲೆ ತಾರಸೀಲಿ ಒಂಟಿ ಕೋಣೆ ಖಾಲಿ ಇದೆ, ಬಾಡಿಗೆ ಅರ್ಧ. ಅದನ್ನ ತಗೋ" ಅಂದಳು. ಅವನು ಈ ಸಲ ಬಂದವನು ಮತ್ತೆ ಹೋಗುವುದಿಲ್ಲ ಅಂದೆ. ಇದೇ ಕೊನೆಯ ಸುತ್ತು ಎಂದು ನೀನೇ ಹೇಳಿದ್ದಲ್ಲವೇ? ಹೋದ ಸುತ್ತಿಗೆ ಮುಂಚೆಯೂ ನೀನು ಹಾಗೇ ಹೇಳಿದ್ದೆ, ಆ ವಿಷಯ ನಾನು ಅವಳಿಗೆ ಹೇಳಲಿಲ್ಲ. ಆಗಲಿ, ಈ ಬರುವ ಶನಿವಾರದ ತನಕ ಬೇರೆಯವರಿಗೆ ಕೊಡುವುದಿಲ್ಲ, ಯಾವುದು ಬೇಕು ಎಂದು ಗಟ್ಟಿಯಾಗಿ ಹೇಳು ಅಂದಳು.

ಖುಷಿಯಿಂದಲೇ ರೈಲು ಹತ್ತಿದೆ. ಕೂರಲು ಜಾಗವೂ ಸಿಕ್ಕಿತು. ಟೇಪನ್ನು ಬೆರಳಿಗೆ ಸುತ್ತುತ್ತಿದ್ದೆ. ತುದಿ ಕೈಗೆ ಬಂದಾಗ ಅದರಲ್ಲಿ ಮೊದಲು ಕಂಡ ಅಂಕಿ ನಾಲ್ಕು. ಅಪ್ಪನ ಟೇಪು ಕಣೋ. ಹಿತ್ತಾಳೆಯ ತುದಿ ಕಿತ್ತುಬಂದು, ನೂಲು ಬಿಚ್ಚಿಕೊಂಡಿತೆಂದು ಅಪ್ಪ ಮೊದಲ ಮೂರು ಇಂಚು ಕತ್ತರಿಸಿ ಹಾಕಿದ್ದ. ಹೊಸದು ಕೊಳ್ಳಲಿಲ್ಲ, ಮನಸ್ಸಿನಲ್ಲೇ ಕಳೆದುಕೊಳ್ಳುತ್ತಿದ್ದ. ಗಿರಾಕಿಗಳು ಟೇಪಿಗೆ ಇಣುಕಿ ತಮ್ಮ ಸೊಂಟ ನೋಡಿ ಗಾಬರಿಯಾದರೆ ಮೇಜಿನ ಕೆಳಗಿನಿಂದ ನೀನು ಕೂಗುತ್ತಿದ್ದೆ, "ಮೂರು ಕಳಿ, ಅಪ್ಪಾ, ಮೂರು ಕಳಿ." ಅರ್ಧ ನಿದ್ದೆಯಲ್ಲೂ ಕೂಗುತ್ತಿದ್ದೆ. ಇಷ್ಟು ದಿನ ಅದೇ ಟೇಪು ಹಿಡಿದು ಊರಿನ ಬಾಗಿಲುಗಳನ್ನೆಲ್ಲ ಅಳೆದಿದ್ದೇನೆ, ಒಂದು ಸಲವೂ ಹೊಳೆಯಲಿಲ್ಲ. ಮೇಜಿನ ಅಳತೆ ಅಪ್ಪನ ಬಾಯಿಂದ ಕೇಳಿ ಕಂಠಪಾಠ, ಅದು ಸರಿಯೇ. ತಪ್ಪು ಬಾಗಿಲಿನದು. ಒಂದು ಇಂಚು ಮಿಗುತ್ತದೆ ಅಂದುಕೊಂಡ ಕಡೆ ನಿಜಕ್ಕೆ ಎರಡು ಇಂಚು ಕಡಿಮೆ. ಕೂಗಿ ಹೇಳಲು ಕೆಳಗೆ ಯಾರೂ ಇರಲಿಲ್ಲ ನೋಡು.

ಬಡಗಿಯನ್ನು ಕರೆಸಿದೆ. ಅವನು ಮೇಜಿನ ಸುತ್ತ ಎರಡು ಸಲ ಬಂದು, ಕೆಳಗಿನ ಹಲಗೆ ಕಿತ್ತರೆ ಕಾಲು ಕಳಚಿ ಒಯ್ಯಬಹುದು, ಆದರೆ ಆ ಹಲಗೆಯನ್ನು ಮತ್ತೆ ಕೂಡಿಸಲಾಗುವುದಿಲ್ಲ, ಮರ ಸೀಳುತ್ತದೆ ಎಂದ. "ಅದ್ರಲ್ಲಿ ಏನಿಡ್ತೀರಮ್ಮಾ ಈಗ?" ಎಂದು ಕೇಳಿದ. ಏನೂ ಇಡುವುದಿಲ್ಲ. ಆದರೂ ಶುಕ್ರವಾರ ಬಾ ಎಂದು ಕಳಿಸಿದೆ. ನಲವತ್ತು ದಾಟಿದ ಗಂಡಸು ಅದರೊಳಗೆ ಮಲಗಲಾರ ಎಂಬುದು ನನಗೆ ತಿಳಿಯದ್ದೇನಲ್ಲ. ಆ ಮನೆಯ ಎರಡನೇ ಕೋಣೆಯಲ್ಲಿ ಮೇಜು ಹಾಕಿದ ಮೇಲೂ ಕಿಟಕಿಯ ಪಕ್ಕ ಒಂದು ಮಂಚಕ್ಕೆ ಜಾಗವಿದೆ. ಅದನ್ನು ಕಣ್ಣಳತೆಯಲ್ಲಿ ನೋಡಿದ್ದು, ಟೇಪಿನಲ್ಲಲ್ಲ.

ಸಾಕು, ನನ್ನ ರಾಮಾಯಣ ಬಹಳ ಆಯಿತು. ಹೊತ್ತಿಗೆ ಸರಿಯಾಗಿ ಉಣ್ಣು, ಬೆನ್ನಿಗೆ ಎಣ್ಣೆ ಹಚ್ಚಿಕೋ, ಭಾರ ಎತ್ತುವಾಗ ವಯಸ್ಸು ನೆನಪಿರಲಿ. ನಿನ್ನ ಜೊತೆಯವರಿಗೆಲ್ಲ ನಾನು ಕೇಳಿದೆನೆಂದು ಹೇಳು. ಎಲ್ಲಿದ್ದರೂ ತಣ್ಣಗಿರು.

ನಿನ್ನ
ಅಕ್ಕ

ಮರೆತ ಮಾತು: ಅಡುಗೆಯವರು ಬಂದಿದ್ದಾರೆ, ರಿಪೇರಿಯಾದ ಹಲ್ಲು ಹಾಕಿಕೊಂಡು ಬಾಗಿಲಲ್ಲೇ ನೀರು ಕುಡಿಯುತ್ತಿದ್ದಾರೆ, ಟ್ಯಾಕ್ಸಿ ಕೆಳಗೆ ನಿಂತಿದೆ. ಮನೆ ಹುಡುಕುವ ಪಾಡು ಹೇಳಿಕೊಂಡರೆ, "ನಿಮ್ಮ ತಮ್ಮನೂ ನಮ್ಮ ಹಡಗು ನಿಲ್ಲೋ ಬಂದರಿನ ಹತ್ರ ಮನೆ ನೋಡಿದ್ದಾನಲ್ಲ, ಹೋದ ಸಲ ಅಲ್ಲಿ ನಿಂತಾಗ ಬೀಗದ ಕೈನೂ ತಗೊಂಡ, ನಿಮಗೆ ಹೇಳಿಲ್ವಾ?" ಅಂದರು. ಹೇಳಿದ್ದಾನೆ ಅಂದೆ. ಪುಟ್ಟಾ, ನನಗೆ ಸಿಟ್ಟಿಲ್ಲ. ಶನಿವಾರದೊಳಗೆ ಒಂದು ಫೋನು ಮಾಡು, ಒಡತಿಗೆ ಉತ್ತರ ಹೇಳಬೇಕು. ಆ ಬೀಗದ ಕೈ ಕೊಟ್ಟವರೂ ಕೇಳಿಯೇ ಇರುತ್ತಾರೆ, ಮನೆಯಲ್ಲಿ ಯಾರ್ಯಾರು ಇರ್ತೀರಿ ಅಂತ. ನೀನು ಏನಂದೆ?