ಕಾಳಿಲ್ಲದೆ ತಿರುಗಿದ ಚಕ್ರ

ಟೌರಂಗಾ, ನ್ಯೂಜಿಲೆಂಡ್
೧೨-೪-೨೦೦೬

ಅಣ್ಣನಿಗೆ ಚಂಪಾಳ ನಮಸ್ಕಾರ.

ನಿನ್ನೆ ಮಗಳು ನಿಧಿ ನನ್ನನ್ನು ಒಂದು ಹಳೇ ಹಿಟ್ಟಿನ ಗಿರಣಿಗೆ ಕರೆದೊಯ್ದಿದ್ದಳು. ತೊರೆಯ ನೀರಿಗೆ ಚಕ್ರ ತಿರುಗಿ ಓಡುತ್ತಿದ್ದ ಗಿರಣಿ. ಇಂಗ್ಲೆಂಡಿನಿಂದ ಬಂದ ದಂಪತಿ ಕಟ್ಟಿಸಿದ್ದು. ಈಗ ಎಲ್ಲ ಪಾಚಿ. ಅವರ ಮೊಮ್ಮಗಳು ಎಡಿತ್ ಆಂಟಿ ಹೇಳಿದ್ದನ್ನು ನಿಧಿ ನನಗೆ ಕನ್ನಡದಲ್ಲಿ ತಿಳಿಸಿದಳು: "ಇವರಜ್ಜಿಗೆ ಕಿವಿ ಕೇಳಿಸ್ತಿರ್ಲಿಲ್ಲವಂತೆ ಅಮ್ಮಾ. ಕಾಲಡಿ ನೆಲ ಅದುರಿದ್ರೆ, ಗಂಡ ಕೆಲಸ ಮಾಡ್ತಿದಾರೆ ಅಂತ ಗೊತ್ತಾಗ್ತಿತ್ತಂತೆ."

ಪೇಟೆಯ ಹಿಟ್ಟು ಅಗ್ಗವಾಗಿ ಗಿರಣಿ ನಿಂತಾಗ ಅಜ್ಜಿ ಊಟವನ್ನೇ ಬಿಟ್ಟರಂತೆ. ಆಮೇಲೆ ತಾತ, ಆಕೆ ಬದುಕಿರುವವರೆಗೂ, ದಿನಾ ಬೆಳಿಗ್ಗೆ ತೂಬು ತೆಗೆದು ಬರೀ ಚಕ್ರ ತಿರುಗಿಸುತ್ತಿದ್ದರಂತೆ.

ನನ್ನ ಮಂಡಿನೋವು ಈಗ ವಾಸಿ. ಕಾಗದದಲ್ಲಿ ಜಾಗ ಮುಗಿಯಿತು. ಊರಿನ ನಮ್ಮ ಗಿರಣಿ ಮಾರುತ್ತೇನೆಂದು ಬರೆದಿದ್ದೆಯಲ್ಲ, ಅತ್ತಿಗೆಯನ್ನು ಕೇಳದೆ ಮಾರಬೇಡ ಅಣ್ಣ.

ಚಂಪಾ