ಗಟ್ಟಿ ಅದಾಳ

ಬಬಲೇಶ್ವರ
೧೫ ಫೆಬ್ರವರಿ ೧೯೭೮

ಟಿಕೋಟಾದ ಅಮೋಘಿಯವರಿಗೆ ಗುರುಬಾಯಿಯ ನಮಸ್ಕಾರ.

ನಾನು ಕ್ಷೇಮ, ನೀವೂ ಕ್ಷೇಮವೆಂದು ತಿಳಿದಿದ್ದೇನೆ. ಹಾಗೆ ಬರೆಯುವುದು ರೂಢಿ, ಅದಕ್ಕೆ ಬರೆದೆ.

ಕಳೆದ ವಾರ ನೀವು ನಿಮ್ಮ ಕಾಕಾ ಭಾಗಪ್ಪನವರನ್ನು ಕರೆದುಕೊಂಡು ವಿಜಾಪುರದ ನಮ್ಮ ಹೊಲಿಗೆ ಕೇಂದ್ರಕ್ಕೆ ಬಂದಿರಿ. ಗಂಡಹೆಂಡತಿ ಬೇರೆಯಾದೆವೆಂಬ ಸೋಡಚೀಟಿಯನ್ನು ನನ್ನ ಕೈಗಿಟ್ಟು, "ಸಹಿ ಮಾಡಿ ಟಪಾಲಿನಾಗ ಹಾಕು" ಎಂದಿರಿ. ಟಿಕೋಟಾದ ಬಸ್ಸಿಗೆ ಹೊತ್ತಾಯಿತೆಂದು ತಿರುಗಿ ಸಹ ನೋಡದೆ ಹೋದಿರಿ. ನೀವು ಹೋದಮೇಲೆ ಅಲ್ಲಿ ಏನಾಯಿತೆಂಬುದು ನಿಮಗೆ ಗೊತ್ತಿಲ್ಲ. ಅದನ್ನು ಹೇಳಲಿಕ್ಕೆ ಈ ಕಾಗದ. ಒಬ್ಬರೇ ಕುಳಿತು ಓದಿರಿ. ನಿಮ್ಮ ಅವ್ವನಿಗೆ ಓದಿ ಹೇಳಬೇಕಾಗಿಲ್ಲ.

ಕೂಸು ಸತ್ತು ಹುಟ್ಟಿತು, ನನ್ನೊಳಗೆ ಮೂತ್ರದ ಚೀಲ ಹರಿಯಿತು, ಮಿರಜದ ದವಾಖಾನೆಯಲ್ಲಿ ಅದನ್ನು ಹೊಲಿದರು. ಇಷ್ಟು ನಿಮಗೆ ಗೊತ್ತು. ಹೊಲಿದಮೇಲೆ ಡಾಕ್ಟರ್ ಬಾಯಿಯವರು ಹೇಳಿದ್ದನ್ನು ಮಾತ್ರ ನೀವು ಕೇಳಲಿಲ್ಲ. ಅಷ್ಟರಲ್ಲಿ ನೀವು ಊರಿಗೆ ಹೋಗಿಬಿಟ್ಟಿದ್ದಿರಿ. ಚೀಲ ಬಹಳ ಸಣ್ಣದಾಗಿದೆ, ಬಂತೆನಿಸಿದ ಕೂಡಲೇ ಹೋಗಬೇಕು, ತಡೆದು ತಡೆದು ಹೊಲಿಗೆ ಬಿಟ್ಟರೆ ಮತ್ತೆ ಹೊಲಿಯಲಿಕ್ಕೆ ಅಲ್ಲಿ ಗಟ್ಟಿ ಜಾಗ ಉಳಿದಿಲ್ಲ ಎಂದಿದ್ದರು. ಮೇಲಿನಿಂದ ನೋಡಿದವರಿಗೆ ಏನೂ ಕಾಣುವುದಿಲ್ಲ. ನಡೆಯುತ್ತೇನೆ, ಕೊಡ ಎತ್ತುತ್ತೇನೆ, ಮಿಷನ್ ತುಳಿಯುತ್ತೇನೆ. ಸೀರೆಯ ಒಳಗೆ ಮಡಿಸಿದ ಬಟ್ಟೆ ಕಟ್ಟಿಕೊಂಡಿರುವುದು ನನಗೂ ನನ್ನ ಅವ್ವನಿಗೂ ಮಾತ್ರ ಗೊತ್ತಿತ್ತು.

ನೀವು ನನ್ನನ್ನು ತವರಿಗೆ ಬಿಟ್ಟು ಹೋದಮೇಲೆ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ಕಾಗದ ತೋರಿಸಿ ಆ ಕೇಂದ್ರಕ್ಕೆ ಸೇರಿದೆ. ಸಾಲಿ ಹುಡುಗರ ಅಂಗಿ, ಹುಡುಗಿಯರ ಫ್ರಾಕು ಹೊಲಿಯುವ ಕೆಲಸ. ದಿನಾ ಬಬಲೇಶ್ವರದಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಮುಂಜಾನೆ ಎದ್ದಾಗಿನಿಂದ ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ಆದರೂ ಬಸ್ಸು ಸಾರವಾಡ ದಾಟುವಷ್ಟರಲ್ಲಿ ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಕೂಡುತ್ತಿದ್ದೆ. ಪಕ್ಕದಲ್ಲಿ ಕುಳಿತವರು ನಿದ್ದೆ ಬಂದಿರಬೇಕು ಎಂದುಕೊಳ್ಳುತ್ತಿದ್ದರು.

ಕೇಂದ್ರದ ಸಂಡಾಸಗಳು ಹಿತ್ತಲಿನ ಗೋಡೆಗೆ ಹತ್ತಿ ಇವೆ. ಅಂಗಳ ದಾಟಬೇಕು, ಅಲ್ಲಿಯ ತೊಟ್ಟಿಯಿಂದ ನೀರು ತುಂಬಿಕೊಳ್ಳಬೇಕು, ಪಾಳಿ ಹಚ್ಚಬೇಕು. ನನ್ನಿಂದ ಅಲ್ಲಿಯ ತನಕ ತಡೆಯಲು ಆಗುತ್ತಿರಲಿಲ್ಲ. ಪಡಸಾಲೆಯ ತುದಿಗೆ ಇನ್ನೊಂದಿದೆ. ಅದನ್ನು ಕಟ್ಟಿಸಿದ್ದು ಮಲಕವ್ವನ ಸಲುವಾಗಿ. ಆಕೆಗೆ ಸಣ್ಣವಳಿದ್ದಾಗ ಜ್ವರ ಬಂದು ಎರಡೂ ಕಾಲು ಹೋಗಿವೆ, ಬಗಲಿಗೆ ಕೋಲು ಕೊಟ್ಟುಕೊಂಡು ಬರುತ್ತಾಳೆ. ಮೆಟ್ಟಿಲ ಬದಲು ಇಳಿಜಾರು, ಕುಕ್ಕರಗಾಲಲ್ಲಿ ಕೂಡಲು ಆಗದ್ದಕ್ಕೆ ಸಿಮೆಂಟಿನ ಎತ್ತರದ ಪೀಠ, ಹಿಡಿದು ಏಳಲು ಕಬ್ಬಿಣದ ಸಳಿ. ನೋಡಲು ಬಂದ ಸಾಹೇಬರೊಬ್ಬರು ಹೇಳಿ ಮಾಡಿಸಿದ್ದಂತೆ. ಅದರ ಕೀಲಿ ಕೇಂದ್ರ ನಡೆಸುವ ದೊಡ್ಡ ಬಾಯಾರ ಕುರ್ಚಿಯ ಹಿಂದೆ ಮೊಳೆಗೆ ತೂಗುತ್ತಿತ್ತು. ನಾನು ಮೊದಲು ಕೇಳಿ ಒಯ್ಯುತ್ತಿದ್ದೆ, ಆಮೇಲೆ ಕೇಳದೆ ಒಯ್ದೆ.

ಹೆಂಗಸರ ಕಣ್ಣಿಗೆ ಅದು ಬೀಳಲು ತಡವಾಗಲಿಲ್ಲ. "ಯಾಕ ಬೇ ಗುರುಬಾಯಿ, ನಿನ್ನ ಕಾಲಿಗೇನಾಗೇತಿ?" ಎಂದು ಹುಲಿಗೆವ್ವ ಎಲ್ಲರೆದುರು ಕೇಳಿದಳು. ಮಿಷನ್ನಿನ ಸಾಲಿನಲ್ಲಿ ನನ್ನ ಪಕ್ಕದವಳು. ನಾನು ಏನೂ ಇಲ್ಲ ಎಂದೆ. "ಏನೂ ಇಲ್ಲಂದ್ರ ನಮ್ಮ ಜೋಡಿ ಹಿತ್ತಲಕ್ಕ ಬಾ. ಸಾಹೇಬರ ಮಗಳ ಹಂಗ ಕುರ್ಚಿಮ್ಯಾಲ ಕುಂದರಬೇಕೇನ ನಿನಗ?" ಎಲ್ಲರೂ ನಕ್ಕರು. ಅಂದಿನಿಂದ ನಾನು ಕೀಲಿಗೆ ಎದ್ದಾಗಲೆಲ್ಲ ಯಾರಾದರೊಬ್ಬರು ಕುಂಟುತ್ತ ನನ್ನ ಹಿಂದೆ ನಾಲ್ಕು ಹೆಜ್ಜೆ ಹಾಕುತ್ತಿದ್ದರು. ಒಂದು ಮುಂಜಾನೆ ಆ ಬಾಗಿಲಿಗೆ ಇದ್ದಲಿಯಿಂದ 'ಕಳ್ಳಕುಂಟಿ' ಎಂದು ಬರೆದಿದ್ದರು. ಒರೆಸಿದರೆ ಕರಿ ಹಬ್ಬಿತು, ಅಕ್ಷರ ಹೋಗಲಿಲ್ಲ.

ಇದ್ದದ್ದನ್ನು ಯಾಕೆ ಹೇಳಲಿಲ್ಲ ಎನ್ನುತ್ತೀರೇನೋ. ಅಲ್ಲಿ ಇಡೀ ದಿನ ಕೈಯಲ್ಲಿರುವುದು ಹೊಸ ಅರಿವೆ. ಉಚ್ಚೆ ನಿಲ್ಲದ ಹೆಂಗಸಿನ ಕೈಗೆ ಅದನ್ನು ಯಾರು ಕೊಡುತ್ತಾರೆ? ನಿಮ್ಮ ಮನೆಯಲ್ಲಿ ನನ್ನ ಚಾಪೆಯನ್ನು ದನದ ಕೊಟ್ಟಿಗೆಗೆ ಹಾಕಿದ್ದನ್ನು ನಾನು ಮರೆತಿರಲಿಲ್ಲ.

ಹೇಳುವುದಕ್ಕಿಂತ ದಡ್ಡತನ ಮಾಡಿದೆ. ನಾನೂ ಕುಂಟತೊಡಗಿದೆ. ಎಡಗಾಲು ಸ್ವಲ್ಪ ಎಳೆದರೆ ಸುಮ್ಮನಾದಾರು ಎಂದುಕೊಂಡೆ. ಕೆಲವರು ನಿಜವಾಗಿಯೂ ಸುಮ್ಮನಾದರು, ಒಬ್ಬಾಕೆ ಎಣ್ಣೆ ತಿಕ್ಕಿಕೋ ಎಂದು ಸಹ ಹೇಳಿದಳು. ಆದರೆ ಒಂದು ಸಂಜೆ ಬಬಲೇಶ್ವರದ ಬಸ್ಸು ಹೊರಟೇಬಿಟ್ಟಿತ್ತು. ನಾನು ಕಾಲಿನದು ಮರೆತು ಓಡಿ ಹೋಗಿ ಹತ್ತಿದೆ. ಹುಲಿಗೆವ್ವ ನಿಲ್ದಾಣದಲ್ಲಿ ನಿಂತಿದ್ದಳು. ಮರುದಿನ ನನ್ನ ಮಿಷನ್ ಮೇಲೆ ಯಾರೋ ಒಂದು ಮುರುಕು ಕೋಲು ಇಟ್ಟಿದ್ದರು. ಆಮೇಲೆ ನಾನು ಏನು ಹೇಳಿದ್ದರೂ ಸುಳ್ಳೇ ಆಗುತ್ತಿತ್ತು.

ಇನ್ನು ನೀವು ಬಂದ ದಿನದ್ದು. ಮುಂಜಾನೆ ನಾನು ಒಳಗಿದ್ದಾಗ ಮಲಕವ್ವ ಬಂದು ಬಾಗಿಲು ಬಡಿದಳು. "ಯಾರದೀರಿ, ಲಗೂನ ಬರ್ರಿ" ಎಂದಳು. ಕಟ್ಟಿದ ಬಟ್ಟೆ ಬಿಚ್ಚಿ ಬೇರೆ ಕಟ್ಟಿಕೊಳ್ಳುವುದಿತ್ತು, ಅವಸರದಲ್ಲಿ ಗಂಟು ಬೀಳಲಿಲ್ಲ. ಬಂದೆ ಬಂದೆ ಎಂದೆ. ಹೊರಗೆ ಬಂದಾಗ ಆಕೆ ಇಳಿಜಾರಿನ ಮೇಲೆ ಎರಡೂ ಕೋಲು ಹಿಡಿದು ನಿಂತಿದ್ದಳು. ಆಕೆಯ ಸೀರೆ ನೆನೆದು ಕೆಳಗೆ ನೀರು ಹರಿದುಹೋಗಿತ್ತು. ಅಂಗಳದಲ್ಲಿ ಅಂಗಿಗಳ ಗಂಟು ಒಯ್ಯಲು ಬಂದ ಗಂಡಸರು ನಿಂತು ನೋಡುತ್ತಿದ್ದರು. ಆಕೆ ಅಳಲಿಲ್ಲ. ನನ್ನನ್ನು ಅಡಿಯಿಂದ ಮುಡಿತನಕ ನೋಡಿ, "ಗಟ್ಟಿ ಕಾಲಿದ್ದಾಕಿ ನನ್ನ ಇದೊಂದ ಜಾಗಾನೂ ಕಸಗೊಂಡ್ಯಲ್ಲ" ಎಂದಳು. ಅದೊಂದೇ ಮಾತು ನನಗೆ ತಾಗಿತು. ಉಳಿದವರದು ಕುಹಕ, ಆಕೆಯದು ನಿಜವಾದ ಸಂಕಟ.

ದೊಡ್ಡ ಬಾಯಾರು ಎಲ್ಲರನ್ನೂ ಪಡಸಾಲೆಗೆ ಕರೆದರು. ಯಾಕೆ ಹೀಗೆ ಮಾಡುತ್ತೀ ಎಂದು ಕೇಳಿದರು. ನಾನು ಕಡೆಗೂ ಬಾಯಿ ಬಿಟ್ಟೆ. ಹೆರಿಗೆಯಲ್ಲಿ ಒಳಗೆ ಪೆಟ್ಟಾಗಿದೆ, ಶಸ್ತ್ರಕ್ರಿಯೆ ಆಗಿದೆ, ತಡೆಯಲು ಬರುವುದಿಲ್ಲ ಎಂದೆ. "ಹ್ವಾದ ತಿಂಗಳ ಕಾಲ ನೋವಿತ್ತು, ಈ ತಿಂಗಳ ಒಳಗ ಪೆಟ್ಟು" ಎಂದು ಹುಲಿಗೆವ್ವ ನಕ್ಕಳು. ಆ ಹೊತ್ತಿಗೆ ಸರಿಯಾಗಿ ನೀವೂ ಕಾಕಾನೂ ಗೇಟಿನಲ್ಲಿ ಕಂಡಿರಿ.

ನಿಮ್ಮನ್ನು ಕಂಡು ನನಗೆ ಎಷ್ಟು ಸಂತೋಷವಾಯಿತು ಎಂದರೆ ನೀವು ನಂಬಲಿಕ್ಕಿಲ್ಲ. ಎರಡು ವರ್ಷಗಳ ಮೇಲೆ ಬಂದಿದ್ದಿರಿ, ಯಾತಕ್ಕೆ ಬಂದಿರಿ ಎಂದು ಕೂಡ ಯೋಚಿಸಲಿಲ್ಲ. "ನಮ್ಮ ಮನಿಯವರು ಬಂದ್ರು, ಅವರನ್ನ ಕೇಳ್ರಿ ಬಾಯಾರ" ಎಂದು ನಾನೇ ಹೇಳಿದೆ. ಬಾಯಾರು ಕೇಳಿದರು: "ಈಕಿಗೆ ಹೆರಿಗಿಯೊಳಗ ಏನರ ಆಗಿತ್ತೇನ್ರಿ? ಖರೇ ಹೇಳ್ರಿ, ಇದು ಈಕಿ ಕೆಲಸದ ಪ್ರಶ್ನೆ." ನೀವು ಒಮ್ಮೆ ಕಾಕಾನ ಮುಖ ನೋಡಿದಿರಿ. ಆಮೇಲೆ ಹೇಳಿದಿರಿ:

"ಏನಿಲ್ಲರಿ ಬಾಯಾರ. ಆಕಿಗೇನಾಗೇತಿ? ಗಟ್ಟಿ ಅದಾಳ."

ಸೋಡಚೀಟಿ ಕೊಟ್ಟು ನೀವು ಬಸ್ಸಿಗೆ ಹೋದಿರಿ. ಇಲ್ಲಿಂದ ಮುಂದಿನದು ನಿಮಗೆ ಗೊತ್ತಿಲ್ಲದ್ದು.

ಗಂಡನೇ ಹಾಗೆ ಹೇಳಿದಮೇಲೆ ಹೆಂಗಸರು ನನ್ನನ್ನು ಮಿಷನ್ ಕೋಣೆಯ ಒಳಗೆ ಕರೆದೊಯ್ದು ಬಾಗಿಲು ಹಾಕಿದರು. "ಶಸ್ತ್ರಕ್ರಿಯಾ ಆಗಿದ್ರ ಗುರ್ತಾ ಇರತೈತಿ, ತೋರಸು" ಎಂದರು. ಬಾಯಾರು ಬೇಡ ಎನ್ನಲಿಲ್ಲ, ಕಿಟಕಿಯ ಕಡೆ ಮುಖ ಮಾಡಿ ನಿಂತರು. ಹುಲಿಗೆವ್ವ ನನ್ನ ನಿರಿಗೆಗೆ ಕೈ ಹಾಕಿದಳು. ನಾನು ಅವಳ ಕೈ ಸರಿಸಿ ನಾನೇ ಸೀರೆ ಬಿಚ್ಚಿದೆ. ಹೊಟ್ಟೆಯ ಮೇಲಿನ ಗಾಯದ ಗೆರೆ ನೋಡಿದರು. ಒಳಗೆ ಕಟ್ಟಿದ ಬಟ್ಟೆ ನೋಡಿದರು. ಅದು ಒದ್ದೆಯಾಗಿತ್ತು. ಅಷ್ಟು ಹೊತ್ತು ನಿಲ್ಲಿಸಿ ಪ್ರಶ್ನೆ ಕೇಳಿದರೆ ಮತ್ತೇನಾದೀತು? ಮಲಕವ್ವ ಒಬ್ಬಳು ಹೊರಗೇ ಉಳಿದಿದ್ದಳು.

ಈಗ ಮರುಕ ಬಂದೀತು ಎಂದುಕೊಂಡೆ. ಒಬ್ಬಾಕೆ ಮೆಲ್ಲಗೆ ಬಗ್ಗಿ, ನನ್ನ ಕಾಲ ಬಳಿ ಇದ್ದ ಅರಿವೆಯ ಥಾನನ್ನು ಎಳೆದುಕೊಂಡಳು. ಇನ್ನೊಬ್ಬಾಕೆ ಮೂಗಿಗೆ ಸೆರಗು ಹಿಡಿದಳು. "ಯವ್ವಾ, ಈಕಿ ಮುಟ್ಟಿದ ಕೊಡದಾಗ ದಿನಾ ನೀರ ಕುಡದೇವಲ್ಲ" ಎಂದು ಹುಲಿಗೆವ್ವ ಬಾಗಿಲು ತೆರೆದು ಹೊರಗೆ ಹೋಗಿ ಉಗುಳಿದಳು. ಮುಂಜಾನೆ ನಾನು ಏನೂ ಆಗದ ಸುಳ್ಳಿ. ಮಧ್ಯಾಹ್ನಕ್ಕೆ ಮುಟ್ಟಬಾರದವಳು.

ನಾನು ಹೊಲಿದಿಟ್ಟ ಫ್ರಾಕುಗಳನ್ನೆಲ್ಲ ಬೇರೆ ತೆಗೆಸಿ ಕುದಿಯುವ ನೀರಿಗೆ ಹಾಕಿಸಿದರು. ಸಂಜೆ ಬಾಯಾರು ನನ್ನನ್ನು ಕರೆದು, "ನಾಳಿಂದ ಬರಬ್ಯಾಡ ತಂಗಿ. ನಿನ್ನ ಒಳ್ಳೇದಕ್ಕ ಹೇಳಾಕತ್ತೇನಿ. ಮಾಲು ತಗೊಳ್ಳವರಿಗೆ ತಿಳದ್ರ ಎಲ್ಲಾರ ಅನ್ನಕ್ಕ ಕಲ್ಲು ಬೀಳತೈತಿ" ಎಂದರು. ದನಿ ಬಹಳ ಮೆತ್ತಗಿತ್ತು. ಬೈದಿದ್ದರೆ ತಾಳಿಕೊಳ್ಳುತ್ತಿದ್ದೆ.

ಗೇಟಿನ ತನಕ ಮಲಕವ್ವ ಕೋಲು ಊರುತ್ತ ಬಂದಳು. "ನನಗರ ಮೊದಲ ಹೇಳಬೇಕಿತ್ತು" ಎಂದಳು. "ಹೇಳಿದ್ರ ಆ ಸಂಡಾಸದಾಗ ನನಗೂ ಪಾಲು ಕೊಡತಿದ್ಯಾ?" ಎಂದು ಕೇಳಿದೆ. "ಇಲ್ಲವಾ. ಇರೂದ ಒಂದು. ನೀ ಒಳಗಿದ್ರ ನಾ ಹೊರಗ ಏನ ಮಾಡ್ಲಿ?" ಎಂದಳು. ಆ ದಿನವೆಲ್ಲ ನನಗೆ ಖರೇ ಹೇಳಿದವಳು ಆಕೆ ಒಬ್ಬಳೇ. ನಾನು ಆಕೆಯ ಮೇಲೆ ಸಿಟ್ಟಾಗಿಲ್ಲ. "ನಿನ್ನ ಗಂಡ ಯಾಕ ಸುಳ್ಳ ಹೇಳಿದಾ?" ಎಂದು ಕೇಳಿದಳು. ನನಗೆ ಗೊತ್ತಿಲ್ಲ ಎಂದೆ.

ಈಗ ಬಬಲೇಶ್ವರದಲ್ಲಿಯೇ ಇದ್ದೇನೆ. ಟೇಲರ್ ರಸೂಲಸಾಬರು ಮನೆಗೆ ಅಂಗಿಗಳನ್ನು ಕಳಿಸುತ್ತಾರೆ, ಕಾಜಾ ಹೊಲಿದು ಗುಂಡಿ ಹಚ್ಚಿ ಕೊಡುತ್ತೇನೆ. ವಿಜಾಪುರದ ಸುದ್ದಿ ಅವರ ಕಿವಿಗೂ ಬಿದ್ದಿರಬೇಕು, ಬಸ್ಸು ಅದನ್ನು ಊರಿಗೆ ತಂದಾಗಿದೆ. ಅವರು ಏನೂ ಕೇಳಿಲ್ಲ. ಬಾವಿಗೆ ಮಾತ್ರ ನಾನು ಎಲ್ಲರೂ ನೀರು ಸೇದಿ ಹೋದಮೇಲೆ ಹೋಗುತ್ತೇನೆ. ಮೊದಲೇ ಹೋದರೆ ಕೊಡ ಹಿಂದಕ್ಕೆ ಸರಿಸಿ ನಿಲ್ಲುತ್ತಾರೆ.

ಸೋಡಚೀಟಿಯನ್ನು ಇದರೊಳಗೆ ಇಟ್ಟಿದ್ದೇನೆ. ಸಹಿ ಮಾಡಿಲ್ಲ. 'ಗುರುಬಾಯಿ ತನ್ನ ಖುಷಿಯಿಂದ ಗಂಡನ ಮನೆ ಬಿಟ್ಟು ಹೋದಳು' ಎಂದು ಅದರಲ್ಲಿ ಬರೆಸಿದ್ದೀರಿ. ನಾನು ಖುಷಿಯಿಂದ ಬಿಡಲಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಸಿ ತನ್ನಿರಿ, ನಿಂತ ಕಾಲ ಮೇಲೆ ಸಹಿ ಮಾಡುತ್ತೇನೆ. ನಿಮ್ಮ ಮನೆಗೆ ತಿರುಗಿ ಬರುವ ಆಸೆ ನನಗಿಲ್ಲ. ಇಟ್ಟಂಗಿಹಾಳದ ಹುಡುಗಿಯನ್ನು ಆಗಲೇ ಮನೆ ತುಂಬಿಸಿಕೊಂಡಿದ್ದೀರಿ, ಆಕೆಯ ತವರಿನವರು ಈ ಚೀಟಿಗಾಗಿ ಹಟ ಹಿಡಿದಿದ್ದಾರೆ ಎಂದು ಕಾಕಾ ಅಂದೇ ಹೇಳಿದರು. ಆಕೆಯ ಮೇಲೆ ನನಗೆ ಹಗೆ ಇಲ್ಲ.

ಇಷ್ಟು ಬರೆದು ಕೈ ನಿಲ್ಲಿಸಿದವಳು,
ಗುರುಬಾಯಿ

ತಾ. ಕ. — ಇಟ್ಟಂಗಿಹಾಳದ ಆ ಹುಡುಗಿ ದಿನ ತುಂಬಿದ ಬಸುರಿ ಎಂದು ಅವ್ವ ಈಗಷ್ಟೇ ಸಂತೆಯಲ್ಲಿ ಕೇಳಿಕೊಂಡು ಬಂದಳು. ಅದಕ್ಕೇ ಮುಚ್ಚಿದ ಲಕೋಟೆ ಮತ್ತೆ ಬಿಚ್ಚಿದೆ. ಮಲಕವ್ವನಿಗೆ ಗೊತ್ತಿಲ್ಲ ಎಂದೆನಲ್ಲ, ನೀವು ಯಾಕೆ ಸುಳ್ಳು ಹೇಳಿದಿರೆಂದು ನನಗೆ ಗೊತ್ತಿದೆ. ನನಗೆ ಪೆಟ್ಟಾಗಿದೆ ಎಂದರೆ ಹೇಗಾಯಿತು ಎಂದು ಕೇಳುತ್ತಿದ್ದರು. ಆಕೆಗೆ ನೋವು ಸುರುವಾದ ಕೂಡಲೇ ಜೀಪು ಕರೆಸಿ ವಿಜಾಪುರಕ್ಕೆ ಒಯ್ಯಿರಿ. ಗಂಡು ಡಾಕ್ಟರ ಕೈ ಮುಟ್ಟಬಾರದು ಎಂದು ನಿಮ್ಮ ಅವ್ವ ಬಾಗಿಲಿಗೆ ಅಡ್ಡ ನಿಂತರೆ ಅವ್ವನನ್ನೇ ಸರಿಸಿ ಒಯ್ಯಿರಿ. ನನ್ನ ಸಲ ಮೂರು ದಿನ ಜೀಪು ಓಣಿಯ ತಲೆಯಲ್ಲೇ ನಿಂತಿತ್ತು, ನೀವು ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದಿರಿ. ನಾನು ಚೀರುವುದು ನಿಮಗೆ ಕೇಳಿಸುತ್ತಿತ್ತು. ನೀವು ಕೆಮ್ಮುವುದು ನನಗೆ ಕೇಳಿಸುತ್ತಿತ್ತು.