ಬೇಡ ಅಂದದ್ದು ಎಳನೀರನ್ನು

ಅಜ್ಜಂಪುರ
ಏಪ್ರಿಲ್ 1983

ದೇವೀರಪ್ಪ ಬಾವನಿಗೆ, ನಿನ್ನ ಸೋದರತ್ತೆಯ ಮಗಳು ಈಶ್ವರಮ್ಮ ಮಾಡುವ ನಮಸ್ಕಾರ.

ನಾವೆಲ್ಲ ಕ್ಷೇಮ ಎಂದು ಶುರು ಮಾಡಬೇಕು. ಆ ಮಾತಿನ ಹತ್ತಿರ ಬಂದು ಪೆನ್ನು ನಿಂತುಬಿಡುತ್ತದೆ. ನಾಲ್ಕನೇ ಕ್ಲಾಸಿನವರೆಗೆ ಓದಿದವಳ ಕಾಗದ, ತಪ್ಪಿದ್ದರೆ ನಗಬೇಡ. ಎದುರು ನಿಂತು ಹೇಳುವ ಧೈರ್ಯವಿದ್ದಿದ್ದರೆ ಬರೆಯುತ್ತಲೇ ಇರಲಿಲ್ಲ.

ಯುಗಾದಿಗೆ ಮುಂಚೆ ನಮ್ಮಿಬ್ಬರ ಮದುವೆಯ ಮಾತಿಗೆಂದು ಅಮ್ಮನ ಜೊತೆ ಸಖರಾಯಪಟ್ಟಣಕ್ಕೆ ಬಂದಿದ್ದೆ. ನೀನು ಮರ ಹತ್ತಿ ಎಳನೀರು ಕೆಡವಿ, ಕೆತ್ತಿ, ನನ್ನ ಕೈಗೇ ತಂದುಕೊಟ್ಟೆ. ನಿನ್ನ ಎದೆಯ ಮೇಲೆ ತರಚಿದ ಗಾಯ ಕೆಂಪಗಿತ್ತು. "ಕುಡಿಯೇ, ಸಕ್ರೆ ಇದ್ದಂಗೈತೆ" ಅಂದೆ. ನಾನು ತಲೆ ತಗ್ಗಿಸಿ "ಬೇಡ" ಅಂದೆ. ನಿನ್ನ ಅವ್ವ "ಪ್ಯಾಟೆಯೋಳು ಕಣೋ, ಸೋಡಾ ತರ್ಸು" ಎಂದು ನಕ್ಕರು. ಮಾವ ನಗಲಿಲ್ಲ. ಮೂರೇ ದಿನಕ್ಕೆ ಹೇಳಿಕಳಿಸಿದರು: "ಕೈಗೆ ಕೊಟ್ಟ ಎಳನೀರು ಮುಟ್ದೇ ಇರೋಳು ನನ್ ಮಗನ್ನ ಒಪ್ತಾಳಾ? ಬಿಡವ್ವ, ಬಲವಂತ ಬ್ಯಾಡ."

ಬಾವ, ನಾನು ಬೇಡ ಅಂದದ್ದು ಎಳನೀರನ್ನು.

ಎರಡು ವರ್ಷದಿಂದ ನನ್ನ ಕಿಡ್ನಿಗಳು ಸೊರಗಿವೆ. ಮುಖ ಊದಿದಾಗ ದೃಷ್ಟಿ ಎಂದು ನೀವಾಳಿಸಿದ್ದರು. ಕೊನೆಗೆ ಶಿವಮೊಗ್ಗದಲ್ಲಿ ಒಬ್ಬ ಡಾಕ್ಟರು, "ಇದು ಹೋಗೋ ಕಾಯಿಲೆ ಅಲ್ಲಮ್ಮ, ಜೊತೇಲಿಟ್ಕೊಂಡು ಬಾಳೋದು. ಅರ್ಧ ಔಷಧಿ ನಂದು, ಇನ್ನರ್ಧ ನಿನ್ನ ಕೈಲಿದೆ" ಅಂದರು. ಎಲ್ಲರಿಗೂ ತಂಪು ಮಾಡುವ ಎಳನೀರಿನ ಸಾರವನ್ನು ಸೊರಗಿದ ಕಿಡ್ನಿ ಹೊರಹಾಕಲಾರದಂತೆ, ಅದು ರಕ್ತದಲ್ಲೇ ಉಳಿದು ನನ್ನ ಎದೆಬಡಿತವನ್ನೇ ನಿಲ್ಲಿಸಬಹುದಂತೆ. ಇದನ್ನು ಯಾರಿಗೂ ಹೇಳಬಾರದೆಂದು ಅಮ್ಮ ಆಣೆ ಹಾಕಿಸಿದ್ದಳು.

ಬೆಳಿಗ್ಗೆ ಎದ್ದು ಹೆಬ್ಬೆರಳಿನಿಂದ ಕಣಕಾಲು ಒತ್ತುತ್ತೇನೆ. ಗುಳಿ ಹಾಗೇ ನಿಂತರೆ ನಿನ್ನೆ ಎಲ್ಲೋ ತಪ್ಪಿದ್ದೇನೆ ಎಂದು ಅರ್ಥ. ಆಮೇಲೆ ಒಂದು ಚೊಂಬು ನೀರು ತುಂಬಿಸಿಡುತ್ತೇನೆ. ಇಡೀ ದಿನಕ್ಕೆ ಅಷ್ಟೇ. ಬಾಯಾರಿದರೆ ಬಾಯಿ ಮುಕ್ಕಳಿಸಿ ಉಗುಳುತ್ತೇನೆ. ಸೊಪ್ಪಿನಲ್ಲೂ ಅದೇ ಸಾರ ಇದೆಯಂತೆ; ಬೇಯಿಸಿ ಬಸಿದ ನೀರು ಮನೆಯವರಿಗೆ ಬಸ್ಸಾರಾಗುತ್ತದೆ, ರುಚಿ ಬಿಟ್ಟ ಸಪ್ಪೆ ಸೊಪ್ಪು ನನಗೆ. "ನಮ್ಮನೇಲಿ ಇನ್ನೊಂದು ಹಸ ಆಯ್ತಲ್ಲಪ್ಪಾ" ಎಂದು ಅಪ್ಪ ನಗಿಸಲು ನೋಡುತ್ತಾರೆ. ನಗುತ್ತೇನೆ.

ಮಧ್ಯಾಹ್ನದ ಬಿಸಿಲಿಗೆ ಕಣ್ಣು ಮುಚ್ಚಿದರೆ ನಿಮ್ಮೂರಿನ ಅಯ್ಯನಕೆರೆ ಬರುತ್ತದೆ. ಏರಿಯಿಂದ ಇಳಿದು ಬೊಗಸೆ ಬೊಗಸೆಯಾಗಿ ಕುಡಿಯುತ್ತೇನೆ. ಕುಡಿದಷ್ಟೂ ಕೆರೆ ತುಂಬುತ್ತದೆ. ಗುಡ್ಡಗಳೆಲ್ಲ ನೀರೊಳಗೆ ತಲೆಕೆಳಗಾಗಿ ನಿಂತು ನೋಡುತ್ತಿರುತ್ತವೆ. ನೀನು ಪಕ್ಕದಲ್ಲೇ ಕೂತಿರುತ್ತೀಯ, ಸಾಕು ಅನ್ನುವುದಿಲ್ಲ. ಸ್ಟೇಷನ್ನಿನಲ್ಲಿ ರೈಲು ಕೂಗಿದಾಗ ಎಚ್ಚರವಾಗುತ್ತದೆ. ತುಟಿ ಒಣಗಿರುತ್ತದೆ, ಆದರೆ ಒಳಗೆಲ್ಲೋ ಸ್ವಲ್ಪ ಹೊತ್ತು ಅಲೆ ಆಡುತ್ತಲೇ ಇರುತ್ತದೆ.

ಬರೆಯುವುದನ್ನು ಕಂಡು ಅಮ್ಮ ಮೊದಲು ಅತ್ತಳು. ಈಗ "ವಾಸಿಯಾಗೈತೆ ಅಂತ ಒಂದ್ ಸಾಲು ಸೇರ್ಸೇ" ಅನ್ನುತ್ತಿದ್ದಾಳೆ. ಸೇರಿಸುವುದಿಲ್ಲ. ಮಕ್ಕಳ ವಿಷಯದಲ್ಲೂ ಡಾಕ್ಟರು ಭರವಸೆ ಕೊಟ್ಟಿಲ್ಲ. ನಿನ್ನನ್ನು ಒಪ್ಪಿದ್ದು ಇವತ್ತು ನಿನ್ನೆಯಲ್ಲ. ಈ ಒಂದು ಸಾಲಿಗೆ ಮೂರು ಹಾಳೆ ಹರಿದೆ.

ಇಷ್ಟೆಲ್ಲ ತಿಳಿದ ಮೇಲೆ ನೀನು ಬೇಡ ಅಂದರೆ ಮುನಿಯುವುದಿಲ್ಲ ಬಾವ. ದಿನಕ್ಕೆ ಹತ್ತು ಸಲ ನಾನೇ ಅನ್ನುವ ಮಾತು ಅದು. ಆಸೆ ಇದ್ದಾಗಲೂ ಅನ್ನಬೇಕಾಗುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಕಾಗದವನ್ನು ಮಾವನಿಗೂ ಓದಿ ಹೇಳು. ಏನೇ ತೀರ್ಮಾನ ಮಾಡಿದರೂ ನಿನ್ನ ಹೊಟ್ಟೆ ತಣ್ಣಗಿರಲಿ.

ಈಶ್ವರಮ್ಮ